ಅರಮನೆ ಪೌಡರ್ ಘಮದ ಹೂವಿನ ಸೆಂಟು: ಮನೆಯಲ್ಲಿ ಬೆರೆಸುವವರು ಎಲ್ಲಿ ಎಡವುತ್ತಾರೆ, ಹೇಗೆ ಸರಿಮಾಡಬೇಕು

ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆ ಮನೆಯಲ್ಲೇ ಸೆಂಟು ಬೆರೆಸಲು ಹೊರಟವರು ಹೇಳುವ ದೂರು ಹೆಚ್ಚುಕಮ್ಮಿ ಒಂದೇ. ಹೂವಿನ ಘಮ ಬರುತ್ತದೆ, ಪೌಡರ್ ಘಮ ಬರುವುದಿಲ್ಲ. ಇಲ್ಲವೇ ಬರೀ ಟಾಲ್ಕಂ ಡಬ್ಬಿಯ ವಾಸನೆ ಬಂದು ಹೂವು ಮಾಯ. ಇಲ್ಲವೇ ಬಾಟಲಿ ನೀರುಮಜ್ಜಿಗೆಯ ಹಾಗೆ ಬೆಳ್ಳಗಾಗಿ ಕೂತಿದೆ. ತುಂಬಾ ಸಲ ಸಾಮಾನಿನಲ್ಲಿ ದೋಷ ಇರುವುದಿಲ್ಲ, ಹಾಕಿದ ಕ್ರಮ ತಪ್ಪಿರುತ್ತದೆ. ಹೂವಿನಿಂದ ಶುರು ಮಾಡಿ, ಚೆನ್ನಾಗಿ ಬಂತು ಅನ್ನಿಸಿದ ಮೇಲೆ ಕೊನೆಗೆ ಪೌಡರ್ ಘಮ ಸೇರಿಸಲು ಹೋಗುತ್ತಾರೆ. ಅದು ಉಲ್ಟಾ ಆಗಬೇಕು. ಪೌಡರ್ ಮೊದಲು ನಿಲ್ಲಬೇಕು, ಅದರ ಮೇಲೆ ಹೂವು ಕೂರಬೇಕು.

ಇಲ್ಲಿ ನಾವು ಮಾಡುವುದು ಹಳೇ ಯುರೋಪಿನ ಶ್ರೀಮಂತ ಮನೆತನಗಳ ಶೈಲಿಯ ಸೆಂಟು. ಐರಿಸ್ ಬೇರು, ನೇರಳೆ ಬಣ್ಣದ ವಯಲೆಟ್ ಹೂವು, ಗುಲಾಬಿ, ಕೆಳಗೆ ಕಸ್ತೂರಿ ಮತ್ತು ಗಂಧ. ಆಲ್ಕೋಹಾಲ್ ಸೇರಿಸಿ ತೆಳು ಮಾಡುವ ಮುಂಚಿನ 10 ಗ್ರಾಂ ಗಟ್ಟಿ ಮಿಶ್ರಣ, ಅದರಿಂದ 50 ಗ್ರಾಂ ಸೆಂಟು. ಮೊದಲ ಸಲಕ್ಕೆ ಇಷ್ಟು ಸಾಕು, ಜಾಸ್ತಿ ಮಾಡಿ ಸುಮ್ನೆ ದುಡ್ಡು ಕಳೆಯಬೇಡಿ.

## ಶುರು ಮಾಡುವ ಮುಂಚೆ: ಇವನ್ನು ಬಾಟಲಿಗೆ ಹಾಕಬೇಡಿ

ಪೌಡರ್ ಘಮ ಬರಲು ಪೌಡರ್ ಹಾಕುವುದಲ್ಲ. ಟಾಲ್ಕಂ ಪೌಡರ್ ಸ್ಪಿರಿಟ್‌ನಲ್ಲಿ ಕರಗುವುದಿಲ್ಲ, ತಳದಲ್ಲಿ ಕೂರುತ್ತದೆ, ಸ್ಪ್ರೇ ಬಾಯಿ ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಸಣ್ಣ ಧೂಳು ಉಸಿರಿನ ಜೊತೆ ಒಳಗೆ ಹೋಗುವುದು ಒಳ್ಳೆಯದಲ್ಲ.

ಎರಡನೆಯದು ಹಸಿ ಹೂವು. ನಮ್ಮ ಕಡೆ ಮಲ್ಲಿಗೆ, ಸಂಪಿಗೆ, ಸುಗಂಧರಾಜಕ್ಕೆ ಬರವಿಲ್ಲ, ಮಾರ್ಚ್–ಏಪ್ರಿಲ್‌ನಲ್ಲಿ ಮಳೆ ಬಿದ್ದರೆ ತೋಟ ತುಂಬಾ ಕಾಫಿ ಹೂವು. ಅದನ್ನೇ ಸ್ಪಿರಿಟ್‌ನಲ್ಲೋ ಕೊಬ್ಬರಿ ಎಣ್ಣೆಯಲ್ಲೋ ನೆನೆಹಾಕೋಣ ಅನ್ನಿಸುವುದು ಸಹಜ. ಆದರೆ ಹಸಿ ಹೂವಿನ ತುಂಬಾ ನೀರು ಇರುತ್ತದೆ. ಸ್ಪಿರಿಟ್‌ನಲ್ಲಿ ದಳ ಕಂದಿ ಕೊಳೆತ ಹುಲ್ಲಿನ ವಾಸನೆ ಬಿಡುತ್ತದೆ, ಎಣ್ಣೆಯಲ್ಲಾದರೆ ಬೂಷ್ಟು ಹಿಡಿಯುತ್ತದೆ. ಕಾರ್ಖಾನೆಗಳು ಮಲ್ಲಿಗೆ ಘಮವನ್ನು ದ್ರಾವಕದಿಂದ ಬೇರೆಯೇ ರೀತಿಯಲ್ಲಿ ತೆಗೆಯುತ್ತವೆ, ಅಡುಗೆಮನೆಯಲ್ಲಿ ಆಗುವ ಕೆಲಸ ಅದಲ್ಲ.

ಮೂರನೆಯದು ಅಗರಬತ್ತಿ ಕಾಂಪೌಂಡ್. ಪೇಟೆಯಲ್ಲಿ ಲೀಟರ್ ಲೆಕ್ಕದಲ್ಲಿ ಸಿಗುತ್ತದೆ, ಬೆಲೆ ಕಡಿಮೆ, ಮೂಗಿಗೆ ಚೆನ್ನಾಗಿರುತ್ತದೆ. ಅದನ್ನು ಸುಡಲು ಮಾಡಿರುತ್ತಾರೆ, ಚರ್ಮಕ್ಕೆ ಹಚ್ಚಲು ಅಲ್ಲ. ಮೇಣದ ಬತ್ತಿಗೆ ಹಾಕುವ ಸುವಾಸನೆ ಎಣ್ಣೆಗೂ ಇದೇ ಮಾತು.

ನಾಲ್ಕನೆಯದು ತಪ್ಪು ಸ್ಪಿರಿಟ್. ಬಣ್ಣದಂಗಡಿಯ ಸ್ಪಿರಿಟ್, ಥಿನ್ನರ್, ಎಲ್ಲಿಂದಲೋ ಬಂದ ಬಿಡಿ ಸ್ಪಿರಿಟ್ ಯಾವುದೂ ಬೇಡ. ಅವುಗಳಲ್ಲಿ ಮೆಥನಾಲ್ ಇರಬಹುದು, ಅದು ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಸ್ಯಾನಿಟೈಸರ್ ಕೂಡ ಬೇಡ. ಕೆಲವರು ವೋಡ್ಕಾದಲ್ಲಿ ಮಾಡುತ್ತಾರೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುವುದರಿಂದ ಎಣ್ಣೆ ಬೇರೆಯಾಗಿ ಬಾಟಲಿ ಬೆಳ್ಳಗಾಗುತ್ತದೆ. ಬೇಕಾದದ್ದು ಪರ್ಫ್ಯೂಮರ್ಸ್ ಆಲ್ಕೋಹಾಲ್, ಅಂದರೆ ಕುಡಿಯಲು ಆಗದ ಹಾಗೆ ಮಾಡಿದ, 95 ಶೇಕಡಕ್ಕಿಂತ ಜಾಸ್ತಿ ಶುದ್ಧ ಎಥನಾಲ್. ಎಥನಾಲ್ ಅಬಕಾರಿ ನಿಯಮದ ಕೆಳಗೆ ಬರುವ ವಸ್ತು. ಹಾಗಾಗಿ ಸುಗಂಧದ ಸಾಮಾನು ಮಾರುವವರಿಂದ ಬಿಲ್ ಸಮೇತ, ಸಣ್ಣ ಪ್ರಮಾಣದಲ್ಲಿ ತೆಗೆದುಕೊಳ್ಳಿ.

## ಹಂತ 1: ಸಲಕರಣೆ ಜೋಡಿಸಿ

ಎಲ್ಲಕ್ಕಿಂತ ಮುಖ್ಯ 0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ. ಬೆಳ್ಳಿ, ಚಿನ್ನ ತೂಗಲು ಬಳಸುವ ಸಣ್ಣ ಪಾಕೆಟ್ ತಕ್ಕಡಿ ಸಾಕು, ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಹನಿ ಲೆಕ್ಕದಲ್ಲಿ ಮಾಡುತ್ತೇನೆ ಅಂದರೆ ಈ ಮಾರ್ಗದರ್ಶಿ ನಿಮಗೆ ಪ್ರಯೋಜನವಿಲ್ಲ. ಡ್ರಾಪರ್ ಬದಲಾದರೆ ಹನಿಯ ತೂಕ ಬದಲಾಗುತ್ತದೆ, ಎಣ್ಣೆ ಮಂದವಾಗಿದ್ದರೆ ಮತ್ತೆ ಬದಲಾಗುತ್ತದೆ. ಒಂದು ಸಲ ಚೆನ್ನಾಗಿ ಬಂದ ಸೆಂಟು ಎರಡನೇ ಸಲ ಬರುವುದಿಲ್ಲ ಅನ್ನುವವರೆಲ್ಲ ಸಾಮಾನ್ಯವಾಗಿ ಹನಿ ಎಣಿಸಿದವರೇ.

ಇದರ ಜೊತೆ ಕಂದು ಬಣ್ಣದ ಗಾಜಿನ ಬಾಟಲಿಗಳು, ಒಂದೊಂದು ಸಾಮಾನಿಗೆ ಬೇರೆ ಬೇರೆ ಡ್ರಾಪರ್, ಸಣ್ಣ ಗಾಜಿನ ಬೀಕರ್, ವಾಸನೆ ನೋಡುವ ಕಾಗದದ ಪಟ್ಟಿ, ಕಾಗದದ ಕಾಫಿ ಫಿಲ್ಟರ್, ಕೈಗವಸು, ಹಣೆಪಟ್ಟಿ ಅಂಟಿಸಲು ಸ್ಟಿಕ್ಕರ್, ಒಂದು ನೋಟ್‌ಬುಕ್. ಕಾಫಿ ಫಿಲ್ಟರ್ ಅಂದರೆ ಮನೆಯ ಸ್ಟೀಲ್ ಫಿಲ್ಟರ್ ಅಲ್ಲ! ಅದನ್ನು ಬಳಸಿದರೆ ಗಸಿ ಇಳಿದು ಹೋಗುತ್ತದೆ, ಆಮೇಲೆ ಮನೆಯ ಕಾಫಿಯೂ ಗುಲಾಬಿ ವಾಸನೆ ಬರುತ್ತದೆ.

ಜಾಗದ ವಿಷಯ. ಎಥನಾಲ್ ಆವಿ ಸಾಧಾರಣ ಕೋಣೆಯ ಬಿಸಿಯಲ್ಲೇ ಕಿಡಿ ತಾಗಿದರೆ ಬೆಂಕಿ ಹಿಡಿಯುತ್ತದೆ, ಅದರ ಫ್ಲಾಶ್ ಪಾಯಿಂಟ್, ಅಂದರೆ ಆವಿ ಹೊತ್ತಿಕೊಳ್ಳಲು ಶುರುವಾಗುವ ಬಿಸಿ, ಸುಮಾರು 13 ಡಿಗ್ರಿ ಸೆಲ್ಸಿಯಸ್. ಅಡುಗೆಮನೆ ಬೇಡ, ದೇವರ ದೀಪ ಉರಿಯುವ ಕೋಣೆ ಬೇಡ, ಸೊಳ್ಳೆ ಬತ್ತಿಯ ಪಕ್ಕ ಅಂತೂ ಬೇಡವೇ ಬೇಡ. ಕಿಟಕಿ ತೆಗೆದಿಡಿ. ಆದರೆ ತೂಗುವಾಗ ಫ್ಯಾನ್ ಆರಿಸಿ, ಗಾಳಿಗೆ ತಕ್ಕಡಿಯ ಅಂಕಿ ಕುಣಿಯುತ್ತದೆ.

## ಹಂತ 2: ಸಾಮಾನು ತರಿಸಿ

ಪೌಡರ್ ಘಮದ ಮೂಲ ಐರಿಸ್ ಗಿಡದ ಬೇರು, ಅಂದರೆ ಆರಿಸ್. ಬೇರನ್ನು ಅಗೆದು ಒಣಗಿಸಿ ವರ್ಷಗಟ್ಟಲೆ ಇಟ್ಟ ಮೇಲೆಯೇ ಅದರಲ್ಲಿ ಐರೋನ್ ಎಂಬ ಘಮದ ವಸ್ತು ಬೆಳೆಯುವುದು. ಹೀಗಾಗಿ ಅದರ ಬೆಣ್ಣೆ ಭಯಂಕರ ದುಬಾರಿ. ಕಲಿಯುವವರಿಗೆ ಅದರ ಅಗತ್ಯವಿಲ್ಲ. ಅದೇ ಕುಟುಂಬದ ಘಮ ಕೊಡುವ ಮೀಥೈಲ್ ಅಯೋನೋನ್ ಸಾಕು.

ಇಲ್ಲೊಂದು ಮೋಸವಿದೆ, ಗಮನಿಸಿ. ಗ್ರಂಥಿಗೆ ಅಂಗಡಿಯಲ್ಲಿ ಐರಿಸ್ ಬೇರು ಕೇಳಿದರೆ ಕೆಲವು ಸಲ ಬಜೆ ಕೊಟ್ಟುಬಿಡುತ್ತಾರೆ. ಮಕ್ಕಳಿಗೆ ತೇದು ಕೊಡುತ್ತಿದ್ದರಲ್ಲ, ಆ ಬಜೆಯೇ. ಗಿಡವೇ ಬೇರೆ, ವಾಸನೆ ಘಾಟು, ಪೌಡರ್ ಘಮ ಅದರಿಂದ ಯಾವತ್ತೂ ಬರುವುದಿಲ್ಲ. ಕಚೋರವೂ ಅಷ್ಟೇ. ಸ್ನಾನದ ಪುಡಿಗೆ ಚೆನ್ನ, ಇದಕ್ಕಲ್ಲ.

10 ಗ್ರಾಂ ಗಟ್ಟಿ ಮಿಶ್ರಣಕ್ಕೆ ಬೇಕಾದದ್ದು ಇಷ್ಟು.

ಪೌಡರ್ ಭಾಗ:
- ಮೀಥೈಲ್ ಅಯೋನೋನ್ ಗಾಮಾ: 1.80 ಗ್ರಾಂ
- ವೆನಿಲಿನ್, 10 ಶೇಕಡ ದ್ರಾವಣ: 1.00 ಗ್ರಾಂ
- ಕೌಮರಿನ್, 10 ಶೇಕಡ ದ್ರಾವಣ: 1.00 ಗ್ರಾಂ
- ಗ್ಯಾಲಕ್ಸೊಲೈಡ್ (ಮಸ್ಕ್, ಅಂದರೆ ಕಸ್ತೂರಿ ಘಮ), 50 ಶೇಕಡ ದ್ರಾವಣ: 1.00 ಗ್ರಾಂ
- ಎಥಿಲೀನ್ ಬ್ರಾಸಿಲೇಟ್ (ಇನ್ನೊಂದು ಮಸ್ಕ್): 0.60 ಗ್ರಾಂ
- ಶ್ರೀಗಂಧದ ಎಣ್ಣೆ ಅಥವಾ ಸ್ಯಾಂಡಲೋರ್ (ಕೃತಕ ಗಂಧ): 0.40 ಗ್ರಾಂ

ಹೂವಿನ ಭಾಗ:
- ಫಿನೈಲ್ ಎಥೈಲ್ ಆಲ್ಕೋಹಾಲ್ (ಗುಲಾಬಿ): 1.30 ಗ್ರಾಂ
- ಹೆಡಿಯೋನ್ (ಹಗುರ ಮಲ್ಲಿಗೆ): 1.30 ಗ್ರಾಂ
- ಸಿಟ್ರೊನೆಲೋಲ್ (ಗುಲಾಬಿ): 0.50 ಗ್ರಾಂ
- ಬೆಂಜೈಲ್ ಅಸಿಟೇಟ್ (ಮಲ್ಲಿಗೆ): 0.20 ಗ್ರಾಂ
- ಇಲಾಂಗ್ ಇಲಾಂಗ್ ಎಣ್ಣೆ: 0.20 ಗ್ರಾಂ

ಮೇಲಿನ ಘಮ:
- ಬರ್ಗಮಾಟ್ (ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆ), ಬರ್ಗಾಪ್ಟೆನ್ ತೆಗೆದದ್ದು: 0.70 ಗ್ರಾಂ

ಶ್ರೀಗಂಧಕ್ಕೆ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್‌ನ ಎಣ್ಣೆ ಸಿಕ್ಕರೆ ಒಳ್ಳೆಯದು, ಬೆಲೆ ಜಾಸ್ತಿ. ರಸ್ತೆ ಬದಿಯ ಅಗ್ಗದ ಗಂಧದ ಎಣ್ಣೆಗಿಂತ ಸ್ಯಾಂಡಲೋರ್ ಎಷ್ಟೋ ವಾಸಿ. ಆದರೆ ಅದರ ಬದಲು ಜಾವನೋಲ್ ಎಂಬ ಇನ್ನೊಂದು ಕೃತಕ ಗಂಧ ತಂದು ಇದೇ ಅಳತೆಯಲ್ಲಿ ಸುರಿಯಬೇಡಿ. ಅದು ಬಹಳ ತೀಕ್ಷ್ಣ, ಎಲ್ಲವನ್ನೂ ನುಂಗಿಬಿಡುತ್ತದೆ.

ಹಳೇ ಫಾರ್ಮುಲಾ ಹುಡುಕಿ ತೆಗೆದವರಿಗೆ ಒಂದು ಎಚ್ಚರಿಕೆ. ಹಳೆಯ ಪೌಡರ್ ಸೆಂಟುಗಳಲ್ಲಿ ಮಸ್ಕ್ ಆಂಬ್ರೆಟ್ ಎಂಬ ಕೃತಕ ಕಸ್ತೂರಿ ಇರುತ್ತಿತ್ತು. ಅಂತರರಾಷ್ಟ್ರೀಯ ಸುಗಂಧ ಸಂಘ, ಅಂದರೆ ಇಫ್ರಾ, ಅದನ್ನು ನಿಷೇಧಿಸಿದೆ. ಲಿಲಿಯಲ್ ಮತ್ತು ಲೈರಲ್ ಎಂಬ ಹೂವಿನ ಘಮದ ರಾಸಾಯನಿಕಗಳು ಎರಡನ್ನೂ ಯುರೋಪಿನ ಸೌಂದರ್ಯ ಸಾಧನಗಳಲ್ಲಿ ಈಗ ಬಳಸುವಂತಿಲ್ಲ. ಹೆಲಿಯೋಟ್ರೋಪಿನ್ ಬಹಳ ಪೌಡರ್ ಘಮದ ವಸ್ತು, ನಿಜ. ಆದರೆ ಅದು 1988ರ ವಿಶ್ವಸಂಸ್ಥೆಯ ಮಾದಕವಸ್ತು ಒಪ್ಪಂದದ ನಿಯಂತ್ರಣ ಪಟ್ಟಿಯಲ್ಲಿದೆ, ಅದರ ಹಿಂದೆ ಹೋಗಬೇಡಿ. ವೆನಿಲಿನ್ ಮತ್ತು ಕೌಮರಿನ್ ಸೇರಿದರೆ ಅದರ ಕೆಲಸ ಮುಕ್ಕಾಲು ಪಾಲು ಆಗುತ್ತದೆ.

## ಹಂತ 3: ಹರಳುಗಳನ್ನು ಮೊದಲು ಕರಗಿಸಿ

ವೆನಿಲಿನ್, ಕೌಮರಿನ್ ಎರಡೂ ಹರಳು. ಇವನ್ನು ನೇರವಾಗಿ ಮಿಶ್ರಣಕ್ಕೆ ಹಾಕಿ ಕಲಕುತ್ತಾ ಕೂತರೆ ತಳದಲ್ಲಿ ಕೂರುತ್ತವೆ, ನಿಮಗೆ ಕಾಣಿಸುವುದೂ ಇಲ್ಲ. 1 ಗ್ರಾಂ ಹರಳಿಗೆ 9 ಗ್ರಾಂ ಆಲ್ಕೋಹಾಲ್ ಹಾಕಿ, ಮುಚ್ಚಳ ಬಿಗಿಮಾಡಿ ಅಲ್ಲಾಡಿಸಿ. ಪೂರ್ತಿ ತಿಳಿಯಾಗುವ ತನಕ ಮುಂದಕ್ಕೆ ಹೋಗಬೇಡಿ. ಒಲೆಯ ಮೇಲೆ ಇಟ್ಟು ಬಿಸಿ ಮಾಡುವ ಸಾಹಸ ಬೇಡ.

ಸ್ಪ್ರೇ ಬೇಡ, ಎಣ್ಣೆಯ ಅತ್ತರಿನ ಹಾಗೆ ರೋಲ್-ಆನ್ ಬೇಕು ಅನ್ನುವವರು ಇಲ್ಲೇ ನಿಲ್ಲಿ. ವೆನಿಲಿನ್ ಎಣ್ಣೆಯಲ್ಲಿ ಸರಿಯಾಗಿ ಕರಗುವುದಿಲ್ಲ. ಹೌದಾ, ಹಾಗಾದರೆ ಡಿಪಿಜಿ (ಡೈಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರಾವಕ) ಯಲ್ಲಿ ಕರಗಿಸಿ ಕೊಬ್ಬರಿ ಎಣ್ಣೆಗೆ ಹಾಕೋಣ ಅಂದರೆ, ಡಿಪಿಜಿಯೂ ಕೊಬ್ಬರಿ ಎಣ್ಣೆಯೂ ಒಂದಕ್ಕೊಂದು ಸೇರುವುದಿಲ್ಲ, ಎರಡು ಪದರವಾಗಿ ನಿಲ್ಲುತ್ತವೆ. ಈ ಅಳತೆ ಆಲ್ಕೋಹಾಲ್ ಸೆಂಟಿಗೆ ಮಾತ್ರ.

## ಹಂತ 4: ಪೌಡರ್ ಕಟ್ಟುವುದು

ಖಾಲಿ ಬೀಕರ್ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತನ್ನಿ. ಕ್ರಮ ಹೀಗಿರಲಿ: ಮೊದಲು ಗ್ಯಾಲಕ್ಸೊಲೈಡ್, ಆಮೇಲೆ ಎಥಿಲೀನ್ ಬ್ರಾಸಿಲೇಟ್, ಗಂಧ, ಕೌಮರಿನ್ ದ್ರಾವಣ, ವೆನಿಲಿನ್ ದ್ರಾವಣ, ಕೊನೆಗೆ ಮೀಥೈಲ್ ಅಯೋನೋನ್. ಒಂದೊಂದು ಹಾಕಿದ ತಕ್ಷಣ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ, ಆಮೇಲೆ ಬರೆಯುತ್ತೇನೆ ಅಂದರೆ ಆಗುವುದಿಲ್ಲ. ಹಾಕಿದ್ದನ್ನು ವಾಪಸ್ ತೆಗೆಯಲು ಬರುವುದಿಲ್ಲ, ಹಾಗಾಗಿ ಗುರಿ ಹತ್ತಿರ ಬಂದಾಗ ಹನಿ ಹನಿಯಾಗಿ ಬಿಡಿ. ಒಂದು ಸಾಮಾನು ಜಾಸ್ತಿ ಬಿದ್ದರೆ ಗಾಬರಿ ಬೇಡ, ಉಳಿದ ಎಲ್ಲವನ್ನೂ ಅದೇ ಅನುಪಾತದಲ್ಲಿ ಹೆಚ್ಚಿಸಿ. ಒಟ್ಟು 5.80 ಗ್ರಾಂ ಆಗಬೇಕು.

ಈಗ ಕಾಗದದ ಪಟ್ಟಿ ಅದ್ದಿ ವಾಸನೆ ನೋಡಿ. ಈ ಹಂತದಲ್ಲೇ ಜಾಸ್ತಿ ಜನ ಕೆಡಿಸಿಕೊಳ್ಳುವುದು. ಅಯೋನೋನ್‌ಗಳಿಗೆ ಒಂದು ಗುಣವಿದೆ, ಮೂಗು ಅದಕ್ಕೆ ಬಹಳ ಬೇಗ ಸೋಲುತ್ತದೆ. ಮೊದಲ ಉಸಿರಿಗೆ ವಯಲೆಟ್ ಘಮ ಚೆನ್ನಾಗಿ ಬರುತ್ತದೆ, ಮೂರ್ನಾಲ್ಕು ಸಲ ಮೂಸಿದ ಮೇಲೆ ಏನೂ ಇಲ್ಲ. ಅಯ್ಯೋ ಕಮ್ಮಿಯಾಯ್ತು ಅಂತ ಇನ್ನಷ್ಟು ಹಾಕುತ್ತಾರೆ, ಮತ್ತೆ ಮೂಸುತ್ತಾರೆ, ಮತ್ತೆ ಹಾಕುತ್ತಾರೆ, ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದರೆ ಮನೆ ತುಂಬಾ ತಲೆನೋವು ತರಿಸುವ ವಾಸನೆ. ಕಮ್ಮಿ ಅನ್ನಿಸಿದರೆ ಕೈ ಕಟ್ಟಿ ಕೂತುಕೊಳ್ಳಿ. ಹೊರಗೆ ಹೋಗಿ ಗಾಳಿ ಕುಡಿದು ಬಂದು ಆಮೇಲೆ ನೋಡಿ.

ಮೂಗು ಸರಿಹೋಗಲು ಕಾಫಿ ಬೀಜ ಮೂಸಬೇಕು ಅನ್ನುವ ಮಾತು ಅಂಗಡಿಗಳಲ್ಲಿ ಕೇಳಿರುತ್ತೀರಿ. ಕಾಫಿ ನಾಡಿನಲ್ಲಿ ಕೂತು ಇದನ್ನು ಹೇಳುವುದು ಕಷ್ಟ, ಆದರೆ ಅದರಿಂದ ವಿಶೇಷ ಉಪಯೋಗವಿಲ್ಲ, ಬರೀ ಗಾಳಿಯೇ ಸಾಕು. ಕಾಫಿಯೂ ಮತ್ತೊಂದು ಜೋರು ವಾಸನೆ ಅಷ್ಟೇ ಅಲ್ವಾ? ಮನೆ ಹತ್ತಿರ ಕಾಫಿ ಹುರಿಯುವ ಅಂಗಡಿ ಇದ್ದರೆ, ಅವರು ಯಂತ್ರ ಹಚ್ಚುವ ಮುಂಚೆ ನಿಮ್ಮ ಕೆಲಸ ಮುಗಿಸಿ. ಕಾಫಿ ಹೂವು ಬಿಟ್ಟ ವಾರದಲ್ಲಿ ಮಲ್ಲಿಗೆ ಘಮದ ಅಳತೆ ನೋಡಲು ಹೋಗಬೇಡಿ. ಊದುಬತ್ತಿ, ಸಾಂಬ್ರಾಣಿ, ತಲೆಗೆ ಹಚ್ಚಿದ ಎಣ್ಣೆ, ಇವೂ ಅಡ್ಡ ಬರುತ್ತವೆ.

ಕಸ್ತೂರಿಯ ವಿಷಯವೂ ಇದೇ ತರ. ಗ್ಯಾಲಕ್ಸೊಲೈಡ್‌ನಂಥ ಮಸ್ಕ್‌ಗಳು ಕೆಲವರ ಮೂಗಿಗೆ ಗೊತ್ತೇ ಆಗುವುದಿಲ್ಲ, ಹುಟ್ಟಿನಿಂದಲೇ ಹಾಗೆ. ಅದಕ್ಕೇ ಇಲ್ಲಿ ಎರಡು ಬಗೆಯ ಮಸ್ಕ್ ಇಟ್ಟಿರುವುದು. ನಿಮಗೆ ವಾಸನೆ ಬರುತ್ತಿಲ್ಲ ಅಂದರೆ ಸುರಿಯುವ ಮುಂಚೆ ಮನೆಯಲ್ಲಿ ಇನ್ನಿಬ್ಬರಿಗೆ ಪಟ್ಟಿ ಕೊಟ್ಟು ಕೇಳಿ.

ಪಟ್ಟಿಯನ್ನು ತಕ್ಷಣ ಒಂದು ಸಲ, ಕಾಲು ಗಂಟೆ ಬಿಟ್ಟು, ಒಂದು ಗಂಟೆ ಬಿಟ್ಟು, ಮರುದಿನ ಬೆಳಿಗ್ಗೆ ನೋಡಿ. ಮರುದಿನ ಮೆತ್ತಗೆ, ಒಣಗಿದ ಹಾಗೆ, ಸ್ವಲ್ಪ ಸಿಹಿಯಾಗಿ ಘಮ ಉಳಿದಿದ್ದರೆ ಪೌಡರ್ ನಿಂತಿದೆ. ಬರೀ ಐಸ್‌ಕ್ರೀಂ ಸಿಹಿ ಬಂದರೆ ವೆನಿಲಿನ್ ಜಾಸ್ತಿ. ಒಣಹುಲ್ಲು, ಬಾದಾಮಿಯ ಘಾಟು ಬಂದರೆ ಕೌಮರಿನ್ ಜಾಸ್ತಿ. ಒಗೆದ ಬಟ್ಟೆಯ ವಾಸನೆಯೇ ಮುಂದಿದ್ದರೆ ಮಸ್ಕ್ ಜಾಸ್ತಿ. ಹಸಿ ಮರ, ಹಣ್ಣಿನ ಚೂಪು ವಾಸನೆ ಬಂದರೆ ಅಯೋನೋನ್ ಕೈ ಮೀರಿದೆ.

## ಹಂತ 5: ಹೂವು ಕೂರಿಸುವುದು

ಹೂವಿನ ಭಾಗವನ್ನು ಬೇರೆ ಬಾಟಲಿಯಲ್ಲಿ ತೂಗಿ. 3.50 ಗ್ರಾಂ ಆಗಬೇಕು. ಇದನ್ನು ಒಮ್ಮೆಗೇ ಪೌಡರ್‌ಗೆ ಸುರಿಯಬೇಡಿ. ಅರ್ಧ ಹಾಕಿ, ಕಲಕಿ, ಪಟ್ಟಿ ನೋಡಿ, ಉಳಿದರ್ಧ ಹಾಕಿ. ಗುಲಾಬಿಯೂ ಹೆಡಿಯೋನೂ ಮೆದು, ಜಾಗ ಬಿಟ್ಟುಕೊಡುತ್ತವೆ. ಬೆಂಜೈಲ್ ಅಸಿಟೇಟ್ ಹಾಗಲ್ಲ, ಜಾಸ್ತಿಯಾದರೆ ಬಾಳೆಹಣ್ಣಿನ ಮಿಠಾಯಿ ವಾಸನೆ. ಇಲಾಂಗ್ ಜಾಸ್ತಿಯಾದರೆ ಇಡೀ ಸೆಂಟು ಭಾರವಾಗಿ ತಲೆ ಹಿಡಿಯುತ್ತದೆ.

ನಮ್ಮವರಿಗೆ ಮಲ್ಲಿಗೆ ಪ್ರೀತಿ, ಅದನ್ನೇ ಎತ್ತಿ ಹಾಕುತ್ತಾರೆ. ಈ ಶೈಲಿಯಲ್ಲಿ ಅದು ಬೇಡ. ಇಲ್ಲಿ ಹೂವು ದೂರದಿಂದ ಬಂದ ಹಾಗಿರಬೇಕು. ಮುಡಿದುಕೊಂಡ ಹಾಗಿದ್ದರೆ ಅರಮನೆ ಹೋಗಿ ಮದುವೆ ಛತ್ರ ಆಗುತ್ತದೆ.

## ಹಂತ 6: ಮೇಲಿನ ಘಮ

ಕೊನೆಗೆ ಬರ್ಗಮಾಟ್. ಬರ್ಗಾಪ್ಟೆನ್ ತೆಗೆದದ್ದೇ ಆಗಬೇಕು ಅಂತ ಬರೆದದ್ದಕ್ಕೆ ಕಾರಣವಿದೆ. ಮಾಮೂಲಿ ಬರ್ಗಮಾಟ್ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ. ಚರ್ಮದ ಮೇಲೆ ಉಳಿಯುವ ವಸ್ತುಗಳಲ್ಲಿ ಅದಕ್ಕೆ ಇಫ್ರಾ ಹಾಕಿದ ಮಿತಿ 0.4 ಶೇಕಡ. ನಮ್ಮ ಸೆಂಟಿನಲ್ಲಿ ಬರ್ಗಮಾಟ್ 1.4 ಶೇಕಡ ಬರುತ್ತದೆ, ಲೆಕ್ಕ ಹಾಕಿ ನೋಡಿ, ಹಾಗಾಗಿ ಮಾಮೂಲಿಯದ್ದು ಇಲ್ಲಿ ನಡೆಯುವುದಿಲ್ಲ.

ಹಳೇ ಕಾಲದ ಸೋಪಿನ ಹೊಳಪು ಬೇಕಾದರೆ ಆಲ್ಡಿಹೈಡ್ ಸಿ-12 ಲಾರಿಕ್ ಅನ್ನು 1 ಶೇಕಡ ದ್ರಾವಣ ಮಾಡಿ ಒಂದೇ ಒಂದು ಹನಿ. ಎರಡನೇ ಹನಿಗೆ ಕೈ ಹೋದರೆ ತಡೆಯಿರಿ, ಆಗಷ್ಟೇ ಆರಿಸಿದ ಮೇಣದ ಬತ್ತಿಯ ವಾಸನೆ ಬರುತ್ತದೆ. ಇದು ಇಲ್ಲದಿದ್ದರೂ ನಡೆಯುತ್ತದೆ.

## ಹಂತ 7: ಇಡುವುದು, ಆಲ್ಕೋಹಾಲ್ ಸೇರಿಸುವುದು

10 ಗ್ರಾಂ ಗಟ್ಟಿ ಮಿಶ್ರಣವನ್ನು ಚಿಕ್ಕ ಬಾಟಲಿಗೆ ಹಾಕಿ. ಬಾಟಲಿ ದೊಡ್ಡದಾದರೆ ಒಳಗಿನ ಗಾಳಿ ಘಮ ಕೆಡಿಸುತ್ತದೆ. ಒಂದು ವಾರ ಕತ್ತಲಲ್ಲಿ ಇಡಿ. ಆಮೇಲೆ 40 ಗ್ರಾಂ ಆಲ್ಕೋಹಾಲ್ ಸೇರಿಸಿ. ಗ್ರಾಂ, ಎಂಎಲ್ ಅಲ್ಲ. 40 ಗ್ರಾಂ ಆಲ್ಕೋಹಾಲ್ ಅಂದರೆ ಸುಮಾರು 50 ಎಂಎಲ್, ಇದನ್ನು ಗಮನಿಸದೆ 40 ಎಂಎಲ್ ಅಳೆದು ಹಾಕಿದವರಿಗೆ ಸೆಂಟು ಗಟ್ಟಿಯಾಗುತ್ತದೆ. ಈಗ ನಿಮ್ಮ ಕೈಯಲ್ಲಿ 20 ಶೇಕಡದ ಸೆಂಟು ಇದೆ.

ಇದನ್ನು ಮೂರು ನಾಲ್ಕು ವಾರ ತಂಪಾದ ಕತ್ತಲೆ ಕಪಾಟಿನಲ್ಲಿಡಿ. ಮೊದಲ ದಿನ ಆಲ್ಕೋಹಾಲ್ ಘಾಟು ಮೂಗಿಗೆ ಹೊಡೆಯುತ್ತದೆ, ಹೂವು ಒಂದು ಕಡೆ ಮಸ್ಕ್ ಒಂದು ಕಡೆ ಇರುತ್ತದೆ. ಆ ದಿನ ತೀರ್ಪು ಕೊಟ್ಟು ಏನನ್ನೂ ಸೇರಿಸಬೇಡಿ.

ಮಲೆನಾಡಿನ ಮಳೆಗಾಲಕ್ಕೆ ಒಂದು ಮಾತು. ಶುದ್ಧ ಎಥನಾಲ್ ಗಾಳಿಯ ತೇವ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಚ್ಚಳ ತೆರೆದಿಟ್ಟುಕೊಂಡು ಹರಟೆ ಹೊಡೆಯಬೇಡಿ. ಹರಳಿನ ಡಬ್ಬಿಗಳನ್ನೂ ಬಿಗಿಯಾಗಿ ಮುಚ್ಚಿಡಿ.

## ಹಂತ 8: ತಣಿಸಿ ಸೋಸುವುದು

ಬಾಟಲಿಯನ್ನು ಭದ್ರವಾಗಿ ಮುಚ್ಚಿ ಫ್ರಿಜ್‌ನಲ್ಲಿ ಎರಡು ದಿನ ಇಡಿ. ಸೋರುವ ಮುಚ್ಚಳವಾದರೆ ಇಡಲೇಬೇಡಿ, ಆವಿ ಬೆಂಕಿ ಹಿಡಿಯುವಂಥದ್ದು. ತಣ್ಣಗಾದಾಗ ಕರಗದ ಮೇಣದಂಥ ಗಸಿ ಕಾಣಿಸಿದರೆ, ತಣ್ಣಗಿರುವಾಗಲೇ ಕಾಗದದ ಫಿಲ್ಟರ್‌ನಲ್ಲಿ ಸೋಸಿ. ಬಿಸಿಯಾಗಲು ಬಿಟ್ಟರೆ ಗಸಿ ಮತ್ತೆ ಕರಗಿ ಒಳಗೇ ಉಳಿಯುತ್ತದೆ. ಏನೂ ಗಸಿ ಇಲ್ಲದಿದ್ದರೆ ಸೋಸುವ ಕೆಲಸ ಬಿಡಿ.

## ಹಂತ 9: ಚರ್ಮದ ಮೇಲೆ ನೋಡುವುದು

ಮೊಣಕೈ ಒಳಭಾಗದಲ್ಲಿ ಒಂದು ಸಣ್ಣ ಹನಿ ಹಚ್ಚಿ, ಒಣಗಲು ಬಿಡಿ, 48 ಗಂಟೆ ಕಾಯಿರಿ. ಕೆಂಪಾದರೆ, ತುರಿಸಿದರೆ, ಉಬ್ಬಿದರೆ ಸೋಪು ಹಾಕಿ ತೊಳೆದು ಆ ಬಾಟಲಿಯನ್ನು ಮೈಗೆ ಬಳಸುವುದು ನಿಲ್ಲಿಸಿ. ಗಟ್ಟಿ ಮಿಶ್ರಣವನ್ನು ಯಾವತ್ತೂ ನೇರ ಚರ್ಮಕ್ಕೆ ಹಚ್ಚಬೇಡಿ. ಚಿಕ್ಕ ಮಕ್ಕಳಿಗೆ ಈ ಸೆಂಟು ಬೇಡ.

## ಬಾಟಲಿ ಏನು ಹೇಳುತ್ತಿದೆ: ಎಚ್ಚರಿಕೆಯ ಗುರುತುಗಳು

ಬೆಳ್ಳಗೆ ಮಬ್ಬಾದರೆ ಎಲ್ಲೋ ನೀರು ಸೇರಿದೆ. ಒದ್ದೆ ಡ್ರಾಪರ್, ಸರಿಯಾಗಿ ಒಣಗದ ಬಾಟಲಿ, ಇಲ್ಲವೇ ಆಲ್ಕೋಹಾಲ್‌ನಲ್ಲೇ ನೀರು. ಸ್ವಲ್ಪ ಸ್ವಲ್ಪ ಶುದ್ಧ ಆಲ್ಕೋಹಾಲ್ ಸೇರಿಸಿ ನೋಡಿ, ತಿಳಿಯಾಗುತ್ತದೆ. ಘಮ ತುಸು ತೆಳುವಾಗುತ್ತದೆ, ಅದಕ್ಕೆ ಬೇರೆ ದಾರಿಯಿಲ್ಲ.

ಬಣ್ಣ ನಿಧಾನಕ್ಕೆ ಹಳದಿ, ಆಮೇಲೆ ಕಂದು ಆದರೆ ಹೆದರಬೇಡಿ, ವೆನಿಲಿನ್ ಇರುವ ಸೆಂಟು ಹಾಗೇ ಆಗುವುದು. ಬೆಳಕಿಗೆ ಇಟ್ಟರೆ ಬೇಗ ಆಗುತ್ತದೆ. ಬಿಳಿ ಸೀರೆ, ಬಿಳಿ ಪಂಚೆಯ ಮೇಲೆ ಮಾತ್ರ ಹೊಡೆದುಕೊಳ್ಳಬೇಡಿ, ಕಲೆ ಹೋಗುವುದಿಲ್ಲ.

ಹುಳಿ ವಾಸನೆ, ಕಮಟು ವಾಸನೆ ಬಂದರೆ ಯಾವುದೋ ಎಣ್ಣೆ ಹಳತಾಗಿದೆ. ಮೊದಲು ಬರ್ಗಮಾಟ್ ಬಾಟಲಿ ಮೂಸಿ ನೋಡಿ, ನಿಂಬೆ ಜಾತಿಯ ಎಣ್ಣೆಗಳೇ ಎಲ್ಲಕ್ಕಿಂತ ಬೇಗ ಕೆಡುವುದು. ಇದನ್ನು ಸರಿಮಾಡಲು ಬರುವುದಿಲ್ಲ. ಚರಂಡಿಗೆ ಸುರಿಯಬೇಡಿ, ಮರಳಿನಲ್ಲೋ ಮರದ ಹೊಟ್ಟಿನಲ್ಲೋ ಹೀರಿಸಿ, ಬೆಂಕಿಯಿಂದ ದೂರ ಬಯಲಿನಲ್ಲಿ ಒಣಗಲು ಬಿಟ್ಟು ಕಸಕ್ಕೆ ಹಾಕಿ.

ನಾಲ್ಕು ವಾರದ ನಂತರವೂ ಪೌಡರ್ ಘಮ ಹಿಂದೆಯೇ ಉಳಿದಿದ್ದರೆ, ಆ ಬಾಟಲಿಗೆ ಏನೂ ಸೇರಿಸಬೇಡಿ. ಅಷ್ಟನ್ನು ಹಾಗೇ ಇಟ್ಟು ಹೊಸದಾಗಿ 10 ಗ್ರಾಂ ತೂಗಿ, ಹೂವಿನ ಭಾಗ 3.50 ಬದಲು 2.50 ಗ್ರಾಂ ಮಾಡಿ, ಉಳಿದ 1 ಗ್ರಾಂನಲ್ಲಿ ಅರ್ಧ ಎಥಿಲೀನ್ ಬ್ರಾಸಿಲೇಟ್, ಅರ್ಧ ವೆನಿಲಿನ್ ದ್ರಾವಣ. ಅಯೋನೋನ್ ಮುಟ್ಟಬೇಡಿ.

## ಮಾರುವ ಯೋಚನೆ ಇದ್ದರೆ

ಮನೆಯವರಿಗೆ, ಸ್ನೇಹಿತರಿಗೆ ಕೊಡುವುದು ಬೇರೆ, ಸ್ಟಾಲ್ ಹಾಕಿ ಮಾರುವುದು ಬೇರೆ. ಸೆಂಟು ಕಾನೂನಿನ ಪ್ರಕಾರ ಸೌಂದರ್ಯ ಸಾಧನ. ಮಾರಾಟಕ್ಕೆ ತಯಾರಿಸಲು 1940ರ ಔಷಧ ಮತ್ತು ಸೌಂದರ್ಯ ಸಾಧನಗಳ ಕಾಯ್ದೆ, 2020ರ ಸೌಂದರ್ಯ ಸಾಧನಗಳ ನಿಯಮಗಳಡಿ ಪರವಾನಗಿ ಬೇಕು. ಆಲ್ಕೋಹಾಲ್ ದಾಸ್ತಾನಿಗೆ ಅಬಕಾರಿ ಇಲಾಖೆಯಲ್ಲಿ ವಿಚಾರಿಸಬೇಕು. ಲೇಬಲ್ ಮುದ್ರಿಸುವ ಮುಂಚೆ ಈ ಎರಡು ಕಡೆ ಹೋಗಿ ಬನ್ನಿ, ಬಾಟಲಿಗಳನ್ನು ಆಮೇಲೆ ತರಿಸಿ.